ಸಾಫ್ಟ್‌ವೇರ್ ನೋಡುವ ಶಾಸ್ತ್ರ

ನಮ್ಮ ಸೋದರತ್ತೆ ಬದನೆಕಾಯಿ ಕೊಳ್ಳುವಾಗಲೂ ಅದರ ಪೂರ್ವಾಪರ ವಿಚಾರಿಸುತ್ತಾರೆ ಎಂದರೆ ನೀವು ನಗಬಹುದು. ಗಾಂಧಿಬಜಾರಿನ ತರಕಾರಿಯವರು ನಗುವುದಿಲ್ಲ. ಅತ್ತೆಯನ್ನು ಕಂಡ ಕೂಡಲೇ ಯಾವ ತೋಟ, ಯಾವತ್ತು ಕೊಯ್ದದ್ದು, ಎಲ್ಲವನ್ನೂ ತಾವಾಗಿಯೇ ಒಪ್ಪಿಸಿಬಿಡುತ್ತಾರೆ.

ಇಂಥ ಅತ್ತೆ ಎನ್.ಆರ್. ಕಾಲೋನಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ವಧೂವರರ ಕೇಂದ್ರ ನಡೆಸುತ್ತಾರೆ. ಜಾತಕಗಳೆಲ್ಲ ನಕ್ಷತ್ರವಾರು ಕಟ್ಟುಗಳಾಗಿ ಮರದ ಬೀರುವಿನಲ್ಲಿದ್ದವು. ಕಳೆದ ವರ್ಷ ಗೆದ್ದಲು ಒಂದು ಕಟ್ಟನ್ನು ಪೂರ್ತಿ ತಿಂದಿತು. ಅದೂ ಮೂಲಾ ನಕ್ಷತ್ರದ್ದು! ಬೀಗರು ಬೇಡವೆನ್ನುವ ನಕ್ಷತ್ರವನ್ನು ಗೆದ್ದಲಾದರೂ ಒಪ್ಪಿತಲ್ಲ ಎಂದು ನಾನು ಸಮಾಧಾನ ಹೇಳಿದೆ. ಅತ್ತೆ ನಗಲಿಲ್ಲ. ಸಾಫ್ಟ್‌ವೇರ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದರು.

ಸರಿ, ಹದಿನೈದು ದಿನ ತಯಾರಿ ನಡೆಯಿತು. ಕೇಳಬೇಕಾದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಜಾತಕಗಳು ಯಾವ ಊರಿನಲ್ಲಿ ಇರುತ್ತವೆ? ಬೀಗದ ಕೈ ಯಾರ ಬಳಿ? ಕರೆಂಟ್ ಹೋದರೆ? ಕಂಪನಿಯೇ ಹೋದರೆ? ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನನ್ನು ಒಂದು ಭಾನುವಾರ ಕರೆಸಿ, ಕಂಪನಿಯವಳೆಂದು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿದರು. ಎರಡನೆಯ ಪ್ರಶ್ನೆಗೇ ನಾನು, ಮಾಡದ ತಪ್ಪನ್ನೆಲ್ಲ ಒಪ್ಪಿಕೊಂಡೆ.

ಮೊದಲು ಬಂದವರು ಟೈ ಕಟ್ಟಿದ್ದ ಒಬ್ಬ ಮಧ್ಯವಯಸ್ಕರು. ಎಲ್ಲವೂ ಕ್ಲೌಡ್‌ನಲ್ಲಿ ಭದ್ರ ಎಂದರು. ಅತ್ತೆ ವಿಳಾಸ ಕೇಳಿದರು. ಮುಂಬೈ ಎಂದರು. ಮುಂಬೈಯಲ್ಲಿ ಎಲ್ಲಿ ಎಂದು ಕೇಳಿದಾಗ ಅವರು ಟೈ ಸಡಿಲಿಸಿದರು. ಕೊನೆಗೆ ಅತ್ತೆ ಬಹಳ ಮುಗ್ಧವಾಗಿ, ಬೇರೆ ಕೇಂದ್ರದವರು ಇದನ್ನು ಹೇಗೆ ಬಳಸುತ್ತಾರೋ ನೋಡಬಹುದೇ ಎಂದರು. ಪಾಪ, ಆ ಮಹಾಶಯರು ಹುರುಪಿನಿಂದ ಮಲ್ಲೇಶ್ವರದ ಯಾವುದೋ ಕೇಂದ್ರದ ವಧುಗಳನ್ನೆಲ್ಲ ಫೋಟೋ, ಫೋನ್ ನಂಬರ್ ಸಮೇತ ಪರದೆಯ ಮೇಲೆ ಹರಡಿದರು.

ಅತ್ತೆ ಕನ್ನಡಕ ತೆಗೆದು ಮುಖ ತಿರುಗಿಸಿದರು. "ಇವತ್ತು ಅವರ ಮನೆ ಹೆಣ್ಮಕ್ಕಳನ್ನ ನಂಗೆ ತೋರಿಸಿದ್ರಿ. ನಾಳೆ ನಮ್ಮವರನ್ನ ಯಾರಿಗೆ ತೋರಿಸ್ತೀರಿ?"

ಅವರು ಅರ್ಧ ಲೋಟ ಕಾಫಿ ಬಿಟ್ಟು ಹೊರಟರು.

ಆಮೇಲೆ ಬಂದದ್ದು ಒಬ್ಬ ಹೆಂಗಸು. ಅದೇ ಬಲೆ ಬೀಸಿದರೆ, ಬೇರೆಯವರದ್ದನ್ನು ತೋರಿಸಲಾಗದು ಎಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು. ಅತ್ತೆ ಕೂಡಲೇ ಒಳಗಿನಿಂದ ಕೋಡುಬಳೆ ತರಿಸಿದರು. ಆದರೂ ಪರೀಕ್ಷೆ ತಪ್ಪಲಿಲ್ಲ. ಪಕ್ಕದ ಮನೆಯ ನಾಯಿಯ ಹೆಸರಿನಲ್ಲಿ ಜಾತಕ ತುಂಬಿಸಿದರು. ಸಾಫ್ಟ್‌ವೇರಿನಲ್ಲಿದ್ದ ಮಾದರಿ ವಧುಗಳಲ್ಲಿ ಮೂವರು ನಾಯಿಗೆ ಕೂಡಿಬಂದರು! ನಂತರ ಆ ಜಾತಕವನ್ನು ಅಳಿಸಿಹಾಕಿಸಿ, ನಿಜವಾಗಿಯೂ ಹೋಯಿತೇ ಎಂದು ಐದು ರೀತಿಯಲ್ಲಿ ಹುಡುಕಿಸಿದರು. ಹೋಗಿತ್ತು. ಅವತ್ತೇ ಮಾತುಕತೆ ಮುಗಿಯಿತು.

ಜಾತಕಗಳನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆ ಓದುವುದು, ನಾನು ಟೈಪ್ ಮಾಡುವುದು. ರೋಹಿಣಿಯ ಕಟ್ಟು ಬಿಚ್ಚಿದಾಗ ಅಡಿಯಲ್ಲಿ ಅಂಟಿಸಿ ಮುಚ್ಚಿದ್ದ ಲಕೋಟೆಯೊಂದು ಸಿಕ್ಕಿತು. ಮೇಲೆ ನನ್ನ ಹೆಸರು. ಅದರ ಕೆಳಗೆ ಅತ್ತೆಯ ದುಂಡಗಿನ ಅಕ್ಷರ: 'ಮದುವೆ ಬೇಡ ಅಂದಿದ್ದಾಳೆ. ಯಾರು ಕೇಳಿದರೂ ಕೊಡಕೂಡದು.'

ಹದಿನೆಂಟು ವರ್ಷಗಳ ಹಿಂದೆ ಇದೇ ಮನೆಯ ಅಡುಗೆಮನೆಯಲ್ಲಿ ಆ ಮಾತನ್ನು ಅವರೊಬ್ಬರಿಗೇ ಹೇಳಿದ್ದೆ. ಅವರು ಹುರುಳಿಕಾಯಿ ಹೆಚ್ಚುತ್ತಲೇ ಇದ್ದರು. ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೆ. ಆಮೇಲೆ ಅಪ್ಪ ವಿಚಾರಿಸಿದಾಗಲೆಲ್ಲ, ಹುಡುಕುತ್ತಲೇ ಇದ್ದೇನೆ, ಯಾವುದೂ ಕೂಡಿಬರುತ್ತಿಲ್ಲ ಎನ್ನುತ್ತಿದ್ದರು. ಊರಿಗೆಲ್ಲ ಗಂಡು ಹುಡುಕುವವರಿಗೆ ತಮ್ಮನ ಮಗಳಿಗೊಂದು ಸಿಗಲಿಲ್ಲವೇ ಎಂದು ನೆಂಟರು ಆಡಿಕೊಂಡರು. ಅತ್ತೆ ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದರು.

"ಇದನ್ನೂ ಹಾಕ್ಲಾ ಅತ್ತೆ?" ಎಂದೆ.

ಅತ್ತೆ ಲಕೋಟೆಯನ್ನು ತೆಗೆದುಕೊಂಡು, ಸೆರಗಿನಿಂದ ಧೂಳು ಒರೆಸಿ, ನನ್ನ ಕೈಗೇ ಕೊಟ್ಟರು.

"ಅದು ನಿಂದು ಕಣೇ. ಯಾರಿಗೆ ತೋರಿಸ್ಬೇಕು ಅಂತ ನೀನೇ ನೋಡ್ಕೊ," ಎಂದವರು ಮುಂದಿನ ಕಟ್ಟಿನ ದಾರ ಬಿಚ್ಚತೊಡಗಿದರು.