ಈ ಫೋಲ್ಡರ್ ಯಾರಪ್ಪಂದು?

ಕೋಲಾರದ ಒಂದು ವಿದ್ಯಾಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳ ಫೈಲುಗಳೆಲ್ಲ ನಮ್ಮಲ್ಲಿರುವ ಒಂದೇ ಸರ್ವರ್‌ನಲ್ಲಿ ಇರುತ್ತವೆ. ಯಾರು ಯಾವ ಫೋಲ್ಡರ್ ತೆರೆಯಬಹುದು ಅಂತ ತೀರ್ಮಾನಿಸುವುದು ನನ್ನ ಕೆಲಸ. ಹಾಗಾಗಿ ನಗುವುದಕ್ಕೆ ನಾನು ಬೇರೆಲ್ಲೂ ಹೋಗಬೇಕಾಗಿಲ್ಲ, ಫೋನ್ ಎತ್ತಿದರೆ ಸಾಕು.

ಆಚೆ ಹೋಗಿ ಬನ್ನಿ

ಮಾಲೂರಿನ ಗುಮಾಸ್ತೆ ಫೋನ್ ಮಾಡಿದರು. "ಸಾರ್, ಅಡ್ಮಿಶನ್ ಫೋಲ್ಡರ್ ತೆರೀತಿಲ್ಲ."

ಅನುಮತಿ ಪಟ್ಟಿಗೆ ಅವರ ಹೆಸರು ಸೇರಿಸಿದೆ. ಹೊಸ ಅನುಮತಿ ಸಿಗಬೇಕಾದರೆ ಒಮ್ಮೆ ಲಾಗೌಟ್ ಆಗಿ ಬರಬೇಕು. ಇಂಗ್ಲಿಷ್ ಯಾಕೆ ಅಂತ, "ಒಂದ್ಸಲ ಆಚೆ ಹೋಗಿ ಮತ್ತೆ ಒಳಗೆ ಬನ್ನಿ ಮೇಡಂ" ಅಂದೆ.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಏದುಸಿರು. "ಬಂದೆ ಸಾರ್, ಇನ್ನೂ ತೆರೀತಿಲ್ಲ."

"ಎಲ್ಲಿಗೆ ಹೋಗಿದ್ರಿ?"

"ಗೇಟಿನ ತನಕ. ಇನ್ನೂ ದೂರ ಹೋಗ್ಬೇಕಿತ್ತಾ?"

ಪಿತ್ರಾರ್ಜಿತ

ಮುಳಬಾಗಿಲಿನ ಅಕೌಂಟೆಂಟ್ ಹಿರಿಯರು. ಅವರ ಆಡಿಟ್ ಫೋಲ್ಡರನ್ನು ಲೈಬ್ರರಿಯವರೂ ತೆರೆದು ನೋಡುತ್ತಿದ್ದಾರೆ ಅಂತ ಸಿಟ್ಟು. ನಾನೇ ಹೋದೆ.

"ಮೇಲಿನ ಫೋಲ್ಡರ್‌ಗೆ ಯಾರಿಗೆಲ್ಲ ಅನುಮತಿ ಇದೆಯೋ ಅದು ಒಳಗಿನದಕ್ಕೂ ಇಳಿದು ಬರುತ್ತೆ ಸಾರ್" ಅಂದೆ.

"ಪಿತ್ರಾರ್ಜಿತ ಅನ್ನಿ! ಹಾಗಾದ್ರೆ ಭಾಗ ಮಾಡ್ಬಿಡಿ."

ಆ ನಂಟು ಕಡಿಯಲು ಹೊರಟೆ. ಹಳೆಯ ಅನುಮತಿಗಳನ್ನು ಉಳಿಸಬೇಕೋ, ಎಲ್ಲ ತೆಗೆಯಬೇಕೋ ಅಂತ ಕಂಪ್ಯೂಟರ್ ಕೇಳಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು, "ಹಳೇ ರಗಳೆ ಯಾವುದೂ ಬೇಡ" ಅಂತ ಮೌಸ್ ಕಿತ್ತುಕೊಂಡು ಎಲ್ಲ ತೆಗೆದುಬಿಟ್ಟರು.

ಆಮೇಲೆ ಫೋಲ್ಡರ್ ಒತ್ತಿದರು. ಪ್ರವೇಶವಿಲ್ಲ ಅಂತ ಬಂತು. ಇನ್ನೊಮ್ಮೆ ಒತ್ತಿದರು. ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಭಾಗ ಕೇಳಿದ್ದಕ್ಕೆ ಮನೆಯಿಂದಲೇ ಆಚೆ ಹಾಕಿದ್ರಲ್ಲ ಸ್ವಾಮಿ!"

ಗುಟ್ಟಿನ ನಾಟಕ

ಶ್ರೀನಿವಾಸಪುರದ ಪ್ರಿನ್ಸಿಪಾಲರ ನಿವೃತ್ತಿ ಹತ್ತಿರ ಬಂದಿತ್ತು. ಬೀಳ್ಕೊಡುಗೆಗೆ ಮೇಷ್ಟ್ರುಗಳೆಲ್ಲ ಸೇರಿ, ಅವರನ್ನೇ ಅಣಕಿಸುವ ನಾಟಕವೊಂದನ್ನು ಗುಟ್ಟಾಗಿ ಬರೆದಿದ್ದರು. ಬರೆದ ಕನ್ನಡ ಮೇಷ್ಟ್ರು ನನಗೆ ಫೋನ್ ಮಾಡಿ, "ಆ ಫೋಲ್ಡರ್ ನಮ್ಮ ಸೈನ್ಸ್ ಮೇಷ್ಟ್ರಿಗೂ ಕಾಣೋ ಹಾಗೆ ಮಾಡಿ. ಗುಟ್ಟು ಕಣ್ರೀ!" ಅಂದರು.

ಅನುಮತಿ ಪಟ್ಟಿ ತೆರೆದೆ. "ಸಾರ್, ಇಲ್ಲಿ ಪ್ರಿನ್ಸಿಪಾಲರ ಹೆಸರೇ ಮೊದಲಿದೆಯಲ್ಲ!"

"ನಾನು ಹಾಕಿಲ್ಲಪ್ಪ!"

"ನೀವು ಹಾಕ್ಬೇಕಾಗಿಲ್ಲ. ಇದನ್ನ ಅವರ ಫೋಲ್ಡರ್ ಒಳಗೇ ಮಾಡಿದ್ದೀರ. ಅವರಿಗೆ ತಾನಾಗೇ ಬರುತ್ತೆ."

"ಅವರು ಕಂಪ್ಯೂಟರ್ ಮುಟ್ಟೋದೇ ಇಲ್ಲ, ಅಲ್ಲೇ ಭದ್ರ ಅಂತ ಮಾಡಿದ್ವಲ್ರೀ! ಓದಿರ್ತಾರಾ?"

ನೋಡಿದೆ. ಫೈಲನ್ನು ಕೊನೆಯದಾಗಿ ತಿದ್ದಿದವರು ಪ್ರಿನ್ಸಿಪಾಲರೇ. ಮೇಷ್ಟ್ರು ರಾಮನಾಮ ಜಪಿಸುತ್ತಾ ಫೈಲ್ ತೆರೆದರು. ಪ್ರಿನ್ಸಿಪಾಲರ ಪಾತ್ರ ಹುಡುಗರ ಮೇಲೆ "ಗೆಟ್ ಔಟ್!" ಅಂತ ಕಿರುಚುವ ಕಡೆ ಕೆಂಪು ಅಕ್ಷರದಲ್ಲಿ ಏನೋ ಬರೆದಿತ್ತು. ಮೇಷ್ಟ್ರು ಗಟ್ಟಿಯಾಗಿ ಓದಿದರು:

"ನಾನು ಯಾವತ್ತೂ ಇಂಗ್ಲಿಷಿನಲ್ಲಿ ಬೈದಿಲ್ಲ. ನಾನು ಬೈಯೋದು ತೆಲುಗಿನಲ್ಲಿ. ಸರಿಪಡಿಸಿ. ಮೀಸೆಯೂ ಇನ್ನಷ್ಟು ದಪ್ಪ ಇರಲಿ."