ಗಿಡ್ಡ ರಿವಾಲ್ವರಿಗೆ ಮೊಯ್ದುವಿನ ಸಲಹೆ

ಮೊಯ್ದುವಿನ ದುಃಖವೇನೆಂದರೆ ಅವನ ಮಾತಿಗೆ ಅವನ ಮನೆಯಲ್ಲಿ ಬೆಲೆಯಿಲ್ಲ. ಇದರಲ್ಲಿ ಹೊಸತೇನು, ಎಲ್ಲ ಗಂಡಂದಿರ ಪಾಡೂ ಇದೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ ಸ್ವಾಮಿ. ಬೇರೆ ಗಂಡಂದಿರ ಮಾತನ್ನು ಕೇಳಿದ ಮೇಲೆ ತಳ್ಳಿಹಾಕುತ್ತಾರೆ, ಮೊಯ್ದುವಿನ ಮಾತನ್ನು ಅವನು ಬಾಯಿ ತೆರೆಯುವ ಮೊದಲೇ ತಳ್ಳಿಹಾಕಿ ಆಗಿರುತ್ತದೆ. ಪರದೆಯ ಬಣ್ಣ ಯಾವುದು, ಊರಿಗೆ ಯಾವ ತಿಂಗಳು ಹೋಗುವುದು, ಮೀನಿನ ಸಾರಿಗೆ ಹುಳಿ ಎಷ್ಟು ಎಂಬ ಯಾವ ವಿಷಯದಲ್ಲೂ ಹೆಂಡತಿ ಸುಹರಾ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲ, ಬಾಯಿಮಾತಿಗಾದರೂ, ಅವನ ಅಭಿಪ್ರಾಯ ಕೇಳಿದವಳಲ್ಲ. ಹತ್ತನೇ ಕ್ಲಾಸಿನ ಮಗ ಅಫ್ರಾಜನಂತೂ ಅಪ್ಪ ಗಂಟಲು ಸರಿಮಾಡಿಕೊಂಡರೆ ಸಾಕು, ಫೋನಿನಿಂದ ಕಣ್ಣೆತ್ತದೆ "ಓಕೆ ಉಪ್ಪ, ಲೀವ್ ಇಟ್" ಎಂದುಬಿಡುತ್ತಾನೆ. ಏನನ್ನು ಬಿಡಬೇಕೆಂದು ಇನ್ನೂ ಹೇಳಿಯೇ ಇರುವುದಿಲ್ಲ.

ಹೀಗಿದ್ದೂ ಮೊಯ್ದು ತಲೆಯೆತ್ತಿ ನಡೆಯುತ್ತಿದ್ದುದು ಒಬ್ಬ ಮನುಷ್ಯನ ದೆಸೆಯಿಂದ. ಅವನೇ ಖಲ್ಫಾನ್. ಸೈನ್ಯದಿಂದ ನಿವೃತ್ತನಾದ ಒಮಾನಿ, ಅಲ್ ಅಮೇರಾತಿನಲ್ಲಿ ಮೊಯ್ದು ನಡೆಸುವ ದಿನಸಿ ಅಂಗಡಿಯ ಕಫೀಲ್. ಕಾಗದಪತ್ರದಲ್ಲಿ ಅಂಗಡಿ ಅವನದು, ಈರುಳ್ಳಿ ತೂಗುವುದು ಇವನು. ಖಲ್ಫಾನನ ಹಿಂದಿಯಲ್ಲಿ ಅರ್ಧ ಅರಬ್ಬಿ, ಮೊಯ್ದುವಿನ ಅರಬ್ಬಿಯಲ್ಲಿ ಅರ್ಧ ಹಿಂದಿ. ಎರಡು ಅರ್ಧ ಸೇರಿ ಇಪ್ಪತ್ತು ವರ್ಷದಿಂದ ಒಂದು ಪೂರ್ತಿ ಸ್ನೇಹ ನಡೆದುಕೊಂಡು ಬಂದಿತ್ತು. ಎಸಿ ಇರಲಿ, ಪಂಪಿರಲಿ, ಮಗಳ ಮದುವೆಯ ಶಾಮಿಯಾನವಿರಲಿ, ಖಲ್ಫಾನ್ ಮೊಯ್ದುವನ್ನು ಕೇಳದೆ ಏನನ್ನೂ ಕೊಳ್ಳುವವನಲ್ಲ. ಕೌಂಟರಿಗೆ ಮೊಣಕೈ ಊರಿ ನಿಂತು, ಮೊಯ್ದು ಹೇಳುವುದನ್ನೆಲ್ಲ ಶ್ರದ್ಧೆಯಿಂದ ಕೇಳಿ, ಎಲ್ಲ ಸರಿ ಎಂಬರ್ಥದಲ್ಲಿ "ತಮಾಮ್" ಎಂದು ಹೋಗುತ್ತಾನೆ. ವಾರ ಬಿಟ್ಟು ಬಂದು ಬೆನ್ನು ತಟ್ಟಿ, "ನಿನ್ನನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು" ಎನ್ನುತ್ತಾನೆ. ಆ ಒಂದು ಮಾತಿನ ಬಲದಲ್ಲಿ ಮೊಯ್ದು ಮನೆಯಲ್ಲಿ ಆರು ತಿಂಗಳು ಅವಮಾನ ನುಂಗಬಲ್ಲ.

ಒಂದು ಶನಿವಾರ ಖಲ್ಫಾನ್ ಚಹಾ ಹೀರುತ್ತಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಗಿಡ್ಡ ಮೂತಿಯ ಒಂದು ರಿವಾಲ್ವರ್. ಅಂಗೈಯಷ್ಟೇ ಇದೆ, ಆದರೆ ಅದರ ಬಾಯಿ ನೋಡಿದರೆ ಮೊಯ್ದುವಿನ ಕಿರುಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಅಗಲ.

"ಸಹಮ್ ಊರಿನ ನನ್ನ ತೋಟಕ್ಕೆ ಲೈಸೆನ್ಸು ಮಾಡಿಸಿ ತಂದದ್ದು. ಬೀದಿನಾಯಿಗಳು ಹಿಂಡು ಕಟ್ಟಿಕೊಂಡು ಆಡುಗಳ ಮೇಲೆ ಬೀಳುತ್ತವೆ, ಮೊನ್ನೆ ನನ್ನ ಮೈಮೇಲೇ ಬಂದವು. ರೈಫಲ್ ಎತ್ತುವ ಮಣಿಕಟ್ಟು ಈಗ ಇಲ್ಲ ಮೊಯ್ದು. ಇದಕ್ಕೆ ಗುಂಡು ಎರಡು ತರ ಸಿಗುತ್ತದೆ. ಕೆಂಪು ಡಬ್ಬಿಯದ್ದು ಬಹಳ ಜೋರು. ನೀಲಿ ಡಬ್ಬಿಯದ್ದು ಸ್ವಲ್ಪ ಮೆತ್ತಗೆ. ಯಾವುದು ತರಲಿ?"

ಮೊಯ್ದುವಿಗೆ ಮದ್ದುಗುಂಡಿನ ಜ್ಞಾನವಿದ್ದದ್ದು ಉಪ್ಪಿನಂಗಡಿಯಲ್ಲಿ ಚಿಕ್ಕಂದಿನಲ್ಲಿ ಪೆರ್ನಾಳ್ ಹಬ್ಬಕ್ಕೆ ಕೊಂಡ ತಗಡಿನ ಪಿಸ್ತೂಲಿನದ್ದು ಮಾತ್ರ. ಅದಕ್ಕೆ ಕೆಂಪು ಕಾಗದದ ರೀಲು ಹಾಕಿದರೆ ಐದಕ್ಕೆ ಒಂದು ಪಟ್ ಎನ್ನುತ್ತಿತ್ತು. ಆದರೆ ಅಂಗಡಿಯವನ ಬಾಯಲ್ಲಿ 'ಗೊತ್ತಿಲ್ಲ' ಎಂಬ ಶಬ್ದ ಬರಕೂಡದು. ಬಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ.

"ಮೂರು ದಿನ ಕೊಡಿ ಬಾಬಾ," ಎಂದ ಮೊಯ್ದು, ಗಲ್ಲ ತುರಿಸುತ್ತಾ. "ಇದು ಸಾಧಾರಣ ವಿಷಯವಲ್ಲ, ನೋಡಬೇಕು."

ನೋಡಿದ. ಮೂರು ದಿನ ಊಟ ನಿದ್ದೆ ಬಿಟ್ಟು ಯೂಟ್ಯೂಬಿನಲ್ಲಿ ಗುಂಡುಶಾಸ್ತ್ರದ ಮಹಾಪಾರಾಯಣ ಮಾಡಿದ. (ಊಟ ಬಿಟ್ಟದ್ದು ಸುಳ್ಳು. ಊಟದ ಹೊತ್ತಿಗೂ ನೋಡಿದ ಎಂಬುದು ನಿಜ.) ಅಮೇರಿಕದ ಗಡ್ಡಧಾರಿಗಳು ಒಬ್ಬರಾದ ಮೇಲೊಬ್ಬರು ಬಂದು, ಕೊಳವೆ ಗಿಡ್ಡವಾದರೆ ಗುಂಡಿಗೆ ವೇಗ ಕಡಿಮೆ ಎಂದರು. ವೇಗ ಕಡಿಮೆಯಾದರೆ ತಲೆಯಲ್ಲಿ ತೂತಿರುವ ಗುಂಡು ಒಳಗೆ ಹೋಗಿ ಅರಳಬೇಕಾದಷ್ಟು ಅರಳುವುದಿಲ್ಲ ಎಂದರು. ವೇಗ ಬೇಕೆಂದು ಮದ್ದು ಹೆಚ್ಚಿಸಿದರೆ ಬಂದೂಕು ಕತ್ತೆಯ ಹಾಗೆ ಒದೆಯುತ್ತದೆ ಎಂದರು. ಇಂಗ್ಲಿಷು ತಿಳಿಯದ ಕಡೆ ಅಫ್ರಾಜ್ ಬೇಕಾಯಿತು.

"ಉಪ್ಪ, ದಿಸ್ ಗೈ ಹೇಳ್ತಿದ್ದಾನೆ, ಸಣ್ಣ ಗನ್ನಿಗೆ ಸ್ಟ್ರಾಂಗ್ ಬುಲೆಟ್ ವೇಸ್ಟ್ ಅಂತ. ಕೈಯಲ್ಲಿ ಕಂಟ್ರೋಲ್ ಆಗುವ ಲೈಟ್ ಬುಲೆಟ್ಟೇ ಬೆಸ್ಟ್ ಅಂತೆ."

"ಅವನ ಗಡ್ಡ ನೋಡು, ನಾಲ್ಕು ಕೂದಲಿಲ್ಲ," ಎಂದ ಮೊಯ್ದು. "ಅವನಿಗೆಂತ ಗೊತ್ತುಂಟು? ಹಿಂದಿನ ವಿಡಿಯೋದವನ ಗಡ್ಡ ಹೊಟ್ಟೆ ತನಕ ಇತ್ತು. ಅವನು ಜೋರಿನದ್ದೇ ಆಗ್ಬೇಕು ಅಂದಿದ್ದಾನೆ."

ಗಡ್ಡದ ಉದ್ದದ ಮೇಲೆ ನಿರ್ಣಯವಾಯಿತು. ಮಂಗಳವಾರ ಸಂಜೆ ಮೊಯ್ದು ಖಲ್ಫಾನನಿಗೆ ಫೋನು ಮಾಡಿ, "ಕೆಂಪು ಡಬ್ಬಿ, ಕಣ್ಣು ಮುಚ್ಚಿ ತಗೊಳ್ಳಿ" ಎಂದು ಅಪ್ಪಣೆ ಕೊಡಿಸಿದ. ಖಲ್ಫಾನ್ "ತಮಾಮ್" ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಆದರೆ ಮೊಯ್ದುವಿಗೆ ಒಂದು ಆಸೆ ಹುಟ್ಟಿತು. ತನ್ನ ಸಲಹೆ ಸರಿ ಎಂಬುದು ಒಮ್ಮೆ ಸುಹರಾಳ ಕಣ್ಣೆದುರಿಗೇ ರುಜುವಾತಾಗಬೇಕು. ಆಮೇಲೆ ಅವಳು ತನ್ನನ್ನು ಕೇಳದೆ ಒಂದು ಪರದೆ ಕೊಳ್ಳಲಿ ನೋಡೋಣ.

"ಶುಕ್ರವಾರ ನಾವೆಲ್ಲ ತೋಟಕ್ಕೆ ಬರುತ್ತೇವೆ," ಎಂದ ಫೋನಿನಲ್ಲೇ. "ವೈಜ್ಞಾನಿಕವಾಗಿ ಪರೀಕ್ಷೆ ಮಾಡಿ ತೋರಿಸುತ್ತೇನೆ."

ವೈಜ್ಞಾನಿಕ ಪರೀಕ್ಷೆ ಎಂದರೆ, ಗಡ್ಡದವರು ಒಂದು ದೊಡ್ಡ ಜೆಲ್ಲಿಯ ಗಟ್ಟಿ ಮಾಡಿ, ಅದರೆದುರು ನಾಲ್ಕು ಪದರ ಜೀನ್ಸ್ ಬಟ್ಟೆ ಕಟ್ಟಿ, ಅದಕ್ಕೆ ಗುಂಡು ಹೊಡೆಯುತ್ತಾರೆ. ಎಷ್ಟು ಒಳಗೆ ಹೋಯಿತು, ಎಷ್ಟು ಅರಳಿತು ಎಂದು ಟೇಪಿನಲ್ಲಿ ಅಳೆಯುತ್ತಾರೆ. ಮೊಯ್ದುವಿನ ಅಂಗಡಿಯಲ್ಲಿ ಆ ಅಮೇರಿಕದ ಜೆಲ್ಲಿ ಇರಲಿಲ್ಲ. ಚೈನಾಗ್ರಾಸ್ ಇತ್ತು, ಪೆರ್ನಾಳಿಗೆ ಪುಡ್ಡಿಂಗ್ ಮಾಡಲು ನಮ್ಮ ಹೆಂಗಸರು ಹೊತ್ತುಕೊಂಡು ಹೋಗುವಂಥದ್ದು. ಗುರುವಾರ ಮೂವತ್ತು ಪ್ಯಾಕೆಟ್ ತಂದು, ಬಿರಿಯಾನಿಯ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಕುದಿಸಲು ನಿಂತ. ಎರಡು ಗಂಟೆ ಕುದಿಯಿತು, ಎರಡು ಗಂಟೆ ಆರಿತು. ಗಟ್ಟಿಯಾಗುವ ಲಕ್ಷಣ ಕಾಣಲಿಲ್ಲ.

ಸುಹರಾ ಬಂದು ಸೌಟಿನಲ್ಲಿ ಎತ್ತಿ ಹೊಯ್ದು ನೋಡಿದಳು.

"ಎಂತ ಇದು, ಗಂಜಿಯಾ?"

"ಗಂಜಿಯಲ್ಲ. ಮಾಂಸಖಂಡದ ಬದಲಿಗೆ ಇಡುವಂಥದ್ದು. ಇದರೊಳಗೆ ಗುಂಡು ಎಷ್ಟು ಹೋಗ್ತದೆ ಅಂತ ನೋಡ್ಬೇಕು."

"ಮೈಯ ಮಾಂಸ ಇಷ್ಟು ನೀರಾಗಿದ್ರೆ ನೀವು ಅಂಗಡಿಗೆ ಬಾಲ್ದಿಯಲ್ಲಿ ಹೋಗ್ಬೇಕಿತ್ತು."

"ಸುಹರಾ, ಇದು ಗಂಭೀರ ವಿಷಯ. ಖಲ್ಫಾನನಂಥ ಮಿಲಿಟರಿ ಮನುಷ್ಯ ನನ್ನನ್ನು ಕೇಳಿ ಗುಂಡು ತಗೊಳ್ತಾನೆ. ನೀನು ನನ್ನನ್ನು ಕೇಳಿ ಒಂದು ಗುಂಡುಸೂಜಿ ತಗೊಂಡದ್ದುಂಟಾ?"

"ಆಚೆ ಸರಿಯಿರಿ ಈಗ. ಚೈನಾಗ್ರಾಸನ್ನು ಮೊದ್ಲು ನೆನೆ ಹಾಕ್ಬೇಕು, ಆಮೇಲೆ ಅಳತೆ ನೀರಲ್ಲಿ ಕರಗಿಸ್ಬೇಕು. ಕೆರೆಯಲ್ಲಿ ಹಾಕಿ ಕುದಿಸಿದ್ರೆ ಆಗ್ತದಾ? ಇಷ್ಟು ವರ್ಷ ಮಾರಿದ್ದೀರಿ, ಪ್ಯಾಕೆಟಿನ ಹಿಂದೆ ಒಂದು ಸಲ ಓದಿಲ್ಲ."

ಅವಳು ಅರ್ಧ ಗಂಟೆಯಲ್ಲಿ ಎರಡು ಟ್ರೇ ಗಟ್ಟಿಮಾಡಿ ಇಟ್ಟಳು. ಒಂದು ಬರೀ ಚೈನಾಗ್ರಾಸು, ನೀರು, ಅದು ಗುಂಡಿಗೆ. ಇನ್ನೊಂದರಲ್ಲಿ ಹಾಲು, ಸಕ್ಕರೆ, ಏಲಕ್ಕಿ, ಬಾದಾಮಿ ಚೂರು. ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಅದು ಖಲ್ಫಾನನ ಮನೆಯವರಿಗೆ. ಎರಡಕ್ಕೂ ಬೆಳ್ಳಿ ಕಾಗದ ಬಿಗಿದು, "ಮೇಲಿನದ್ದು ತಿನ್ಲಿಕ್ಕೆ, ಕೆಳಗಿನದ್ದು ನಿಮ್ಮ ಯುದ್ಧಕ್ಕೆ" ಎಂದು ಫ್ರಿಜ್ಜಿನಲ್ಲಿಟ್ಟಳು. ಇನ್ನು ಜೀನ್ಸು. ಅಫ್ರಾಜನ ಬಳಿ ಆರಿದ್ದವು, ಆದರೆ ಆರಕ್ಕೂ ಕಂಪೆನಿಯವರೇ ಮಂಡಿಯ ಹತ್ತಿರ ಹರಿದು ಮಾರಿದ್ದರು. ಮೊದಲೇ ತೂತಿರುವ ಬಟ್ಟೆಯಲ್ಲಿ ತೂತಿನ ಪರೀಕ್ಷೆ ಮಾಡುವುದು ಹೇಗೆ? ಕೊನೆಗೆ ಮೊಯ್ದು ವಿಜ್ಞಾನಕ್ಕಾಗಿ ತನ್ನ ಒಂದೇ ಒಂದು ಜೀನ್ಸನ್ನು ಬಲಿಕೊಟ್ಟ.

ಶುಕ್ರವಾರ ಜುಮಾ ನಮಾಜು ಮುಗಿಸಿ ಹೊರಟು ಸಹಮ್ ಮುಟ್ಟುವಾಗ ಬಿಸಿಲು ಇಳಿದಿತ್ತು. ಖಲ್ಫಾನ್ ತೋಟದ ಅಂಚಿನಲ್ಲಿ ಮಣ್ಣಿನ ಎತ್ತರದ ದಿಬ್ಬದೆದುರು ಒಂದು ಡ್ರಮ್ಮು ಇಡಿಸಿದ್ದ. ಮನೆಯವರೆಲ್ಲ ಬಹಳ ಹಿಂದೆ, ಚಾಪೆ ಹಾಸಿ ಕೂತಿದ್ದರು. ಮೊಯ್ದು ಟ್ರೇ ತಂದು ಡ್ರಮ್ಮಿನ ಮೇಲೆ ನಿಲ್ಲಿಸಿ, ಬೆಳ್ಳಿ ಕಾಗದದ ಮೇಲೆಯೇ ಜೀನ್ಸಿನ ನಾಲ್ಕು ಪದರ ಕಟ್ಟಿ, ಭಾಷಣ ಆರಂಭಿಸಿದ. ವೇಗ, ಒಳನುಗ್ಗುವಿಕೆ, ಅರಳುವಿಕೆ ಎಂದು ಅರ್ಧ ಅರಬ್ಬಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನೆಯಲ್ಲಿ ವಿವರಿಸಿದ. ಖಲ್ಫಾನ್ ಎಂದಿನಂತೆ ಶ್ರದ್ಧೆಯಿಂದ ಕೇಳಿದ. ಮೊಯ್ದು ಓರೆಗಣ್ಣಿನಲ್ಲಿ ಸುಹರಾಳನ್ನು ನೋಡಿದ. ಅವಳೂ ನೋಡುತ್ತಿದ್ದಳು. ಅವನ ಎದೆ ತುಂಬಿ ಬಂತು.

"ಯಲ್ಲಾ, ಕೆಂಪು ಡಬ್ಬಿ," ಎಂದ.

ಖಲ್ಫಾನ್ ಒಂದು ಕ್ಷಣ ಅನುಮಾನಿಸಿ, ಕೆಂಪು ಡಬ್ಬಿಯಿಂದ ಒಂದೇ ಒಂದು ಗುಂಡು ತೆಗೆದು ತುಂಬಿದ. ಎರಡೂ ಕೈಯಲ್ಲಿ ಹಿಡಿದು ಗುರಿಯಿಟ್ಟ.

ಆಮೇಲೆ ಆದದ್ದನ್ನು ಕಂಡವರು ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ. ಬೆಂಕಿ ಮಾತ್ರ ಎಲ್ಲರೂ ಕಂಡರು. ಗಿಡ್ಡ ಮೂತಿಯಿಂದ ಒಂದು ಮೊಳ ಜ್ವಾಲೆ ಬಂತು. ರಿವಾಲ್ವರ್ ಆಕಾಶ ನೋಡಿತು, ಖಲ್ಫಾನನ ರುಮಾಲು ಹಿಂದಕ್ಕೆ ಬಿತ್ತು, ಆಡುಗಳು ಬೇಲಿ ಹಾರಿ ಪಕ್ಕದ ತೋಟ ಸೇರಿದವು. ಗುಂಡು ಟ್ರೇಯಿಂದ ಎರಡಾಳು ಮೇಲೆ ದಿಬ್ಬದ ತಲೆಗೆ ಹೊಡೆದು ಧೂಳೆಬ್ಬಿಸಿತು. ಜೀನ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಖಲ್ಫಾನ್ ಮಣಿಕಟ್ಟು ನೀವಿಕೊಂಡು, ರುಮಾಲು ಸುತ್ತಿ, ದಿಶ್ದಾಶ ನಿಲುವಂಗಿಯ ಜೇಬಿನಿಂದ ನೀಲಿ ಡಬ್ಬಿ ತೆಗೆದು ಒಂದು ಗುಂಡು ತುಂಬಿದ. ಈ ಸಲ ಕೈ ಅಲುಗಲಿಲ್ಲ. ಜೀನ್ಸಿನ ನಟ್ಟನಡುವೆ ಗುಂಡು ನುಗ್ಗಿತು, ಟ್ರೇ ಸಿಡಿಯಿತು, ಅದರೊಳಗಿನದ್ದೆಲ್ಲ ದಿಬ್ಬಕ್ಕೆ ಮೆತ್ತಿಕೊಂಡಿತು. ಖಲ್ಫಾನ್ ರಿವಾಲ್ವರನ್ನು ಖಾಲಿ ಮಾಡಿ ಕೆಳಗಿಟ್ಟದ್ದೇ ತಡ, ಮೊಯ್ದು ಟೇಪು ಹಿಡಿದುಕೊಂಡು ಓಡಿದ. ಓಡಿದವನು ಅಲ್ಲೇ ನಿಂತ. ಗಮ್ಮೆಂದು ಏಲಕ್ಕಿ ವಾಸನೆ. ದಿಬ್ಬದ ತುಂಬ ಬಾದಾಮಿ ಚೂರು.

ಅತ್ತ ಚಾಪೆಯ ಮೇಲೆ ಖಲ್ಫಾನನ ಹೆಂಡತಿ ಮತ್ತು ಸೊಸೆ ಉಳಿದ ಟ್ರೇಯಿಂದ ಬಡಿಸಿಕೊಂಡು, ಬರೀ ನೀರಿನ ಗಟ್ಟಿಯನ್ನು ಸದ್ದಿಲ್ಲದೆ ಜಗಿಯುತ್ತಿದ್ದರು. ಸೊಸೆ, "ಮಾಶಾ ಅಲ್ಲಾಹ್, ಆರೋಗ್ಯಕ್ಕೆ ಒಳ್ಳೆಯದು" ಎಂದಳು. ಸುಹರಾ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಆದರೆ ಅವಳ ಕಣ್ಣು ಸೂಕ್ಷ್ಮ. ಖಲ್ಫಾನ್ ಹತ್ತಿರ ಬಂದು ಕೂತಾಗ ಅವನ ಕೈಯ ನೀಲಿ ಡಬ್ಬಿಯನ್ನು ನೋಡಿ ಹಿಂದಿಯಲ್ಲಿ ಕೇಳಿದಳು. "ಬಾಬಾ, ಈ ಡಬ್ಬಿ ಅರ್ಧ ಖಾಲಿ ಉಂಟಲ್ಲ. ಮೊದಲೇ ಹೊಡೆದು ನೋಡಿದ್ದೀರಾ?"

"ಹೌದು ಉಮ್ಮ್ ಅಫ್ರಾಜ್," ಎಂದ ಖಲ್ಫಾನ್, ಅಫ್ರಾಜನ ತಾಯಿಯೆಂದು ಅರಬ್ಬಿ ರೀತಿಯಲ್ಲಿ ಅವಳನ್ನು ಕರೆದು. " ಬುಧವಾರವೇ ತಂದೆ. ಕೈಗೆ ಹಿತವಾಗಿದೆ, ಗುರಿಯೂ ತಪ್ಪುವುದಿಲ್ಲ. ಕೆಂಪು ಡಬ್ಬಿ ಬಂದೂಕಿನ ಅಂಗಡಿಯವನದು, ಮೊಯ್ದುವಿನ ಪರೀಕ್ಷೆಗೆಂದು ಕೇಳಿ ತಂದದ್ದು."

"ಮಂಗಳವಾರ ಇವರು ಕೆಂಪು ತಗೊಳ್ಳಿ ಅಂದಿದ್ರಲ್ಲ."

"ಅಂದ. ಅದಕ್ಕೇ ನೀಲಿ ತಂದೆ."

ಮೊಯ್ದು ಅಷ್ಟರಲ್ಲಿ ಟೇಪು ಹಿಡಿದುಕೊಂಡು ಚಾಪೆಯ ಬಳಿ ಬಂದಿದ್ದ. ಖಲ್ಫಾನನಿಗೆ ಮುಚ್ಚುಮರೆಯೇನೂ ಇರಲಿಲ್ಲ. ಸಂತೋಷದಿಂದ, ನಿಜವಾದ ಅಭಿಮಾನದಿಂದ ಹೇಳಿದ.

"ವಲ್ಲಾಹ್, ಇವನನ್ನು ಕೇಳದೆ ನಾನು ಏನನ್ನೂ ಕೊಳ್ಳುವುದಿಲ್ಲ. ಮೊದಲ ವರ್ಷ ಇವನು ಹೇಳಿದ ಎಸಿ ಹಾಕಿಸಿದೆ, ಬೇಸಿಗೆಯಲ್ಲಿ ಬೆಂದುಹೋದೆ. ಇವನು ಹೇಳಿದ ಪಂಪು ತಂದೆ, ನೀರೇ ಬರಲಿಲ್ಲ. ಆಮೇಲೆ ನನಗೆ ಗುಟ್ಟು ಹೊಳೆಯಿತು. ಇವನು ಇದು ಅಂದರೆ ನಾನು ಅದು ತರುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮೋಸ ಹೋಗಿಲ್ಲ. ಸರಿ ಹೇಳುವವರು ಕೂಡ ಒಮ್ಮೊಮ್ಮೆ ತಪ್ಪುತ್ತಾರೆ ತಾಯಿ. ನಮ್ಮ ಮೊಯ್ದು ತಪ್ಪುವುದೇ ಇಲ್ಲ."

ಅಫ್ರಾಜ್ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಉರುಳಿದ. ಎಸಿ, ಪಂಪು, ಶಾಮಿಯಾನ, ಇಪ್ಪತ್ತು ವರ್ಷದ ಒಂದೊಂದು ತಮಾಮೂ ಮೊಯ್ದುವಿನೆದುರು ಮೆರವಣಿಗೆ ಹೋಯಿತು. ತನ್ನ ಮಾತಿಗೆ ಮನೆಯಲ್ಲಂತೂ ಬೆಲೆ ಇರಲಿಲ್ಲ, ಈಗ ಹೊರಗೂ ಹೋಯಿತಲ್ಲ ಎಂದು ಅವನಿಗೆ ಅಳುವೇ ಬಂತು. ಸುಹರಾ ಮಾತ್ರ ನಗಲಿಲ್ಲ. ಖಲ್ಫಾನ್ ಹೇಳಿದ್ದನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಾ ಕೂತಿದ್ದಳು.

ಹೊರಡುವಾಗ ಖಲ್ಫಾನ್ ಖರ್ಜೂರದ ದೊಡ್ಡ ಡಬ್ಬಿ ಕಾರಿನಲ್ಲಿಟ್ಟು, ಮೊಯ್ದುವಿನ ಹಣೆಗೆ ಮುತ್ತು ಕೊಟ್ಟು ಬೀಳ್ಕೊಟ್ಟ. ತೋಟದ ಮಣ್ಣಿನ ದಾರಿಯುದ್ದಕ್ಕೂ ಮೊಯ್ದು ನಿಧಾನವಾಗಿ ಕಾರು ಓಡಿಸಿದ. ಟಾರು ರಸ್ತೆ ಸಿಗುವಲ್ಲಿ ಬ್ರೇಕು ಹಾಕಿದಾಗ ಸುಹರಾ ಅವನ ಕಡೆ ತಿರುಗಿದಳು. ಅವಳ ದನಿಯಲ್ಲಿ ಅವನು ಮದುವೆಯಾದಂದಿನಿಂದ ಕೇಳದ ಒಂದು ಮರ್ಯಾದೆಯಿತ್ತು.

"ಓ ಇವ್ರೇ, ಎಕ್ಸ್‌ಪ್ರೆಸ್ ರೋಡಲ್ಲಿ ಹೋಗುವುದಾ, ಸಮುದ್ರದ ಬದಿಯ ಹಳೇ ರೋಡಲ್ಲಿ ಹೋಗುವುದಾ? ನಿಮಗೆ ಹೇಗೆ ಕಾಣ್ತದೆ?"

ಮೊಯ್ದು ಸೀಟಿನಲ್ಲಿ ನೆಟ್ಟಗೆ ಕೂತ. ಖಲ್ಫಾನ್ ಹೋದರೆ ಹೋಗಲಿ, ಕೊನೆಗೂ ಇವಳು ಕೇಳಿದಳಲ್ಲ. ಎರಡೂ ದಾರಿಯನ್ನು ಮನಸ್ಸಿನಲ್ಲೇ ಅಳೆದು, ತೂಗಿ, ವಾಹನ ದಟ್ಟಣೆ ಲೆಕ್ಕ ಹಾಕಿ, ಗಂಟಲು ಸರಿಮಾಡಿಕೊಂಡ.

"ಹಳೇ ರೋಡೇ ಒಳ್ಳೆಯದು. ಗಾಳಿಯೂ ಉಂಟು, ದಾರಿಯಲ್ಲಿ ಚಾ ಕುಡೀಬಹುದು, ಬೇಗವೂ ಮುಟ್ತೇವೆ."

ಸುಹರಾ ಕೃತಜ್ಞತೆಯಿಂದ ತಲೆಯಾಡಿಸಿದಳು.

"ಆಯ್ತು. ಹಾಗಾದ್ರೆ ಎಕ್ಸ್‌ಪ್ರೆಸ್ ರೋಡಿಗೇ ತಿರುಗಿಸಿ."