ಎರಡು ಲೈನು, ಒಂದು ತೆಂಗಿನ ಮರ

ಕಂಪ್ಯೂಟರ್ ವಿಷಯದಲ್ಲಿ ನಮ್ಮೂರು ಮಂಕಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದ ಕಾಲವದು. ಹೆಂಡತಿ ಸುಮತಿ ಮಸ್ಕತ್‌ನಲ್ಲಿ ನರ್ಸ್. ಶುಕ್ರವಾರ ಅವಳಿಗೆ ರಜೆ, ನನಗೆ ಹಬ್ಬ. ವೆಬ್‌ಕ್ಯಾಮಿನಲ್ಲಿ ಅವಳ ಮುಖ ಕಾಣುತ್ತಿತ್ತು. ಕಂಡದ್ದೇ ಲೈನ್ ಹೋಗುತ್ತಿತ್ತು! ಪರದೆಯ ಮೇಲೆ ಅರ್ಧ ಬಾಯಿ ತೆರೆದು ನಿಂತುಬಿಟ್ಟ ಸುಮತಿಯನ್ನೇ ನೋಡುತ್ತ ಕೂರುತ್ತಿದ್ದೆ. ಆಫ್ ಮಾಡಲು ಮನಸ್ಸು ಬರುತ್ತಿರಲಿಲ್ಲ.

ಈ ವಿರಹಕ್ಕೆ ತಾಂತ್ರಿಕ ಪರಿಹಾರ ಕಂಡುಹಿಡಿದೆ. ಮನೆಯ ಕಂಪ್ಯೂಟರಿನಿಂದ ಹೊರಜಗತ್ತಿಗೆ ಹೋಗುವ ಬಾಗಿಲಿಗೆ ಗೇಟ್‌ವೇ ಎನ್ನುತ್ತಾರೆ. ಇರುವ ಒಂದೇ ಬಾಗಿಲು ಮುಚ್ಚಿದರೆ ಕತೆ ಮುಗಿಯಿತು. ಹಾಗಾಗಿ ಫೋನ್ ಲೈನಿನ ಜೊತೆಗೆ ಟಿವಿ ಕೇಬಲಿನವನಿಂದಲೂ ಇಂಟರ್ನೆಟ್ ಎಳೆಸಿದೆ.

"ಎರಡು ಎಂತಕ್ಕೆ?" ಎಂದಳು ಅವ್ವ.

"ಎರಡು ಒಲೆ ಇದ್ದ ಹಾಗೆ ಅವ್ವಾ. ಒಂದರಲ್ಲಿ ಅನ್ನ, ಒಂದರಲ್ಲಿ ಸಾರು, ಹೊರೆ ಹಂಚಿಕೊಳ್ತವೆ. ಒಂದು ಕೆಟ್ಟರೆ ಎಲ್ಲಾ ಇನ್ನೊಂದರಲ್ಲೇ ಬೇಯ್ತದೆ."

"ಗ್ಯಾಸ್ ಒಂದೇ ಅಲ್ದಾ? ಅದೇ ಮುಗದ್ರೆ?"

ಅವ್ವನ ಅಜ್ಞಾನಕ್ಕೆ ಕನಿಕರಪಟ್ಟೆ.

ಶುಕ್ರವಾರ ಸುಮತಿ ಕಂಡಳು. ಚಿತ್ರ ನಿಲ್ಲಲೇ ಇಲ್ಲ! ಸುಮ್ಮನೆ ಅವಳನ್ನು ನೋಡುತ್ತ ಕೂರಬೇಕಿತ್ತು. ಬದಲಿಗೆ ಗೇಟ್‌ವೇ ಕುರಿತು ಉಪನ್ಯಾಸ ಆರಂಭಿಸಿದೆ.

"ಅದಿರ್ಲಿ, ನಿಮ್ಮ ಮುಖ ಎಂತಕ್ಕೆ ಇಷ್ಟು ಸೊರಗಿದೆ?" ಎಂದಳು.

"ತಡಿ, ಹೊರೆ ಹಂಚೋದು ಹೆಂಗೆ ಅಂತ ಹೇಳ್ತೆ. ಇನ್ನು ಯಾವ ಶಕ್ತಿಯೂ ನಮ್ಮನ್ನು ಅಗಲಿಸಲಾರದು!"

ಧಡಾರ್!

ಪರದೆಯಲ್ಲಿ ಮತ್ತೆ ಅದೇ ಅರ್ಧ ಬಾಯಿಯ ಸುಮತಿ. ಹೊರಗೆ ಓಡಿ ನೋಡಿದರೆ ಅಂಗಳದಲ್ಲಿ ತೆಂಗಿನ ಗೊನೆ, ಅದರಡಿ ತುಂಡಾದ ಎರಡು ತಂತಿ. ಅವ್ವ ಕಾಯಿ ಕೊಯ್ಯಲು ಜನ ಕರೆಸಿದ್ದಳು. ನಮ್ಮೂರಲ್ಲಿ ಕಂಬ ಬರಲಿ ಎಂದು ಯಾರು ಕಾಯುತ್ತಾರೆ? ಫೋನಿನವನೂ ಕೇಬಲಿನವನೂ ತಂತಿಯನ್ನು ಒಂದೇ ತೆಂಗಿನ ಮರಕ್ಕೆ ಕಟ್ಟಿದ್ದರು. ಎರಡು ಸಲವೂ ಏಣಿ ಹಿಡಿದವನು ನಾನೇ!

ಮೊಬೈಲಿಗೆ ಸಿಗ್ನಲ್ ಸಿಗುವುದೂ ಆ ಮರದ ಬುಡದಲ್ಲಿ ಮಾತ್ರ. ಅಲ್ಲಿ ನಿಂತದ್ದೇ ಸುಮತಿಯ ಫೋನ್ ಬಂತು.

"ಎಂತ ಆತು ಮಾರಾಯ್ರೆ?"

"ಎರಡೂ ಹೋತು. ಒಂದೇ ಮರಕ್ಕೆ ಕಟ್ಟಿತ್ತು."

ಆ ಕಡೆ ನಗುವೋ ನಗು. ಅವಳು ಹೋದಾಗಿನಿಂದ ಆ ನಗುವನ್ನು ಇಷ್ಟು ಹತ್ತಿರ, ಕಿವಿಗೇ ತಾಗುವಂತೆ ಕೇಳಿರಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಅಲ್ಲಿಂದ ಸರಿಯೋ! ಇನ್ನೊಂದು ಗೊನೆ ಬೀಳ್ತದೆ!" ಅವ್ವ ಜಗಲಿಯಿಂದ ಕೂಗಿದಳು. "ನಿಂಗೆ ಇರುದು ಒಂದೇ ತಲೆ!"

ನಾನು ಸರಿಯಲಿಲ್ಲ. ಸುಮತಿ ಇನ್ನೂ ನಗುತ್ತಿದ್ದಳು. ಆ ಒಂದು ತಲೆಯಾದರೂ ಇಷ್ಟು ದಿನ ಎಲ್ಲಿ ಕೆಲಸ ಮಾಡಿತ್ತು!